ವಾರ ದೂಡುವ ಸೊಪ್ಪು

ಒಂದು ಚೀಲ ಸಾಕು ಅಂದಳು ಕಗೇಹಾ,
ಮೆಕ್ಕೆಜೋಳ ತುಂಬಿ ಬಂದದ್ದು,
ನೇಯ್ದ ಪ್ಲಾಸ್ಟಿಕ್ಕಿನದು,
ಹೊಲಿಗೆ ಬಿಟ್ಟಿರಬಾರದು, ಅಷ್ಟೆ.

ನಾನು ಮೊಬೈಲ್ ರಿಪೇರಿಯವನು.
ನನ್ನ ಕೈಗೆ ಗೊತ್ತಿದ್ದ ಅತಿ ದೊಡ್ಡ ಹೊಲ
ಹೆಬ್ಬೆರಳಗಲದ ಹಸಿರು ಫಲಕ,
ತಾಮ್ರದ ಕಾಲುವೆ, ಸೀಸದ ಚುಕ್ಕಿ ಬಿತ್ತನೆ.
ಮಥಾರೆಯ ಈ ಓಣಿಯಲ್ಲಿ
ತಗಡಿನ ಗೋಡೆಗೂ ಮೋರಿಗೂ ನಡುವೆ
ಮೂರು ಗೇಣು ಜಾಗ.
ಬಿಸಿಲು ಹತ್ತಕ್ಕೆ ಬರುತ್ತೆ, ಎರಡಕ್ಕೆ ಎದ್ದು ಹೋಗುತ್ತೆ
ಸರ್ಕಾರಿ ನೌಕರನ ಹಾಗೆ.

ಮೊದಲು ಹೊಳೆದಂಡೆಯ ಜೇಡಿಯನ್ನಷ್ಟೇ ತುಂಬಿದೆ.
ನೀರು ಹೊಯ್ದೆ. ಮೂರು ದಿನಕ್ಕೆ ಕಂಬವಾಯಿತು.
ಕಗೇಹಾ ಬೆರಳು ಊರಿ ನೋಡಿ ನಕ್ಕಳು:
"ಮುಸ್ಯೋಕಾ, ಇದಕ್ಕೆ ಬೇರು ಇಳಿಯೋಲ್ಲಪ್ಪಾ,
ಆಡು ಕಟ್ಟು ಬೇಕಾದರೆ."

ಎಲ್ಲ ಸುರಿದೆವು.
ಎರಡು ಪಾಲು ಮಣ್ಣು, ಒಂದು ಪಾಲು ಹಿಕ್ಕೆ.
ಹಳೆಯ ಹಿಕ್ಕೆ; ಹಸಿಯದು ಸುಡುತ್ತೆ.
ತಳ ಬಾಯಿ ಎರಡೂ ಕತ್ತರಿಸಿದ ಎಣ್ಣೆ ಡಬ್ಬಿ ನಡುವಿಗೆ,
ಡಬ್ಬಿಯೊಳಗೆ ಜಲ್ಲಿ, ಸುತ್ತ ಮಣ್ಣು,
ಡಬ್ಬಿ ಮೇಲಕ್ಕೆಳೆ, ಮತ್ತೆ ಜಲ್ಲಿ, ಮತ್ತೆ ಮಣ್ಣು.
ಎದೆಮಟ್ಟ ಬರುವ ಹೊತ್ತಿಗೆ
ಚೀಲಕ್ಕೊಂದು ಕಲ್ಲಿನ ಬೆನ್ನುಹುರಿ.
"ನೀರು ಇದರಲ್ಲಿಳಿದು ತಳದವರಿಗೂ ಮುಟ್ಟಬೇಕು,
ಇಲ್ಲದಿದ್ದರೆ ಮೇಲಿನವರೇ ಕುಡಿದು ಕೂರುತ್ತಾರೆ."
ಗಿಡದ ವಿಷಯವೇ ಇರಬೇಕು
ಅವಳು ಹೇಳಿದ್ದು.

ಆಮೇಲೆ ತೂತು.
ಚಾಕು ಹಾಕಿದರೆ ಎಳೆ ಬಿಡುತ್ತಾ ಹೋಯಿತು.
ಆಗ ತಂದೆ ನನ್ನ ಬೆಸುಗೆ ಕಡ್ಡಿ.
ಕಾಯಿಸಿ ಒತ್ತಿದರೆ
ಸುಟ್ಟ ಅಂಚು ತನಗೆ ತಾನೇ ಮಡಿಸಿಕೊಂಡು
ಗುಂಡಗೆ, ಅಂಗಿಯ ಕಾಜದಷ್ಟು ಚೊಕ್ಕ.
ಕಗೇಹಾ ನಗಲಿಲ್ಲ ಈ ಸಲ.
ಕಡ್ಡಿಯನ್ನು ಒಮ್ಮೆ ಇಸಕೊಂಡು ನೋಡಿದಳು.
ಇಪ್ಪತ್ತೆಂಟು ತೂತು.
ಇಪ್ಪತ್ತೊಂಬತ್ತನೆಯದರಲ್ಲಿ ಕರೆಂಟು ಹೋಯಿತು.

ಸಸಿಯ ಬೇರನ್ನು ಒಳಗೆ ಬಿಡುವುದು
ಅಳುವ ಕೂಸಿನ ತೋಳನ್ನು
ಅಂಗಿಯ ಕೈಗೆ ತೂರಿಸಿದ ಹಾಗೆ.
ಬಗ್ಗಿಸಬಾರದು. ಅವಸರ ಬೇಡ.

ದಿನಕ್ಕೆ ಮೂರು ಸಲ ನೀರು ಕೊಟ್ಟೆ.
ರಾತ್ರಿ ಎದ್ದು ಒಮ್ಮೆ.
ಪ್ರೀತಿ ಹೆಚ್ಚಾಗಿ ಹಳದಿಯಾದವು.
"ಎರಡನೇ ಗೆಣ್ಣಿನ ತನಕ ಬೆರಳು ಹಾಕು.
ತೇವ ತಾಗಿತಾ? ಹೋಗು, ಫೋನು ರಿಪೇರಿ ಮಾಡು."

ಸುಕುಮಾ ವಿಕಿ ಅನ್ನುತ್ತಾರೆ ಇಲ್ಲಿ ಈ ಸೊಪ್ಪಿಗೆ.
ವಾರ ದೂಡು, ಅಂತ ಅರ್ಥ.
ಸಂಬಳದ ದಿನ ದೂರವಿದ್ದಾಗ
ಉಗಾಲಿಯ ಪಕ್ಕದಲ್ಲಿ ಕೂತು
ಬುಧವಾರವನ್ನು ಗುರುವಾರಕ್ಕೆ,
ಗುರುವಾರವನ್ನು ಶುಕ್ರವಾರಕ್ಕೆ
ಹೆಗಲು ಕೊಟ್ಟು ದೂಡುವ ಎಲೆ.

ಐದನೇ ವಾರ ಬಂತು ಮೊದಲ ಹಿಡಿ.
ಈರುಳ್ಳಿ, ಒಂದು ಟೊಮೆಟೊ, ಉಪ್ಪು.
ಬಾಣಲೆಗೆ ಬಿದ್ದದ್ದೇ ಇಷ್ಟಾಯಿತು.
ಇಷ್ಟಕ್ಕಾ? ಅಂದೆ.
ಉಂಡೆ. ಮತ್ತೆ ಕೇಳಲಿಲ್ಲ.

ಕೆಳಸಾಲು ಆಡಿಗೆ ಹೋಯಿತು.
ಸ್ಕ್ರೀನು ಹಾಕಿಸಲು ಬಂದವರು
ಕಾದು ಬೇಸತ್ತು ನಡುಸಾಲಿಗೆ ಕೈ ಹಾಕಿದರು.
ಬೋರ್ಡು ಬರೆದೆ: ಕಾಯುವವರಿಗೆ ಎರಡೆಲೆ,
ಸಾಲ ಇಟ್ಟವರಿಗೆ ಇಲ್ಲ.

ಮೊನ್ನೆ ಮೋರಿ ಅಗೆಯುವವರು ಬಂದರು,
ಜೊತೆಗೆ ಬಾಡಿಗೆ ಎತ್ತುವ ಗಿಟೊಂಗಾ.
"ಚೀಲ ತೆಗಿ."
ನಾಲ್ವರು ಅಪ್ಪಿ ಹಿಡಿದು ನೂಕಿದರು.
ಉಸಿರು ಬಿಟ್ಟರು. ಮತ್ತೆ ನೂಕಿದರು.

ಒಂಬತ್ತು ವರ್ಷದಲ್ಲಿ ಆರು ಕೋಣೆ ಬದಲಿಸಿದ್ದೇನೆ,
ಪ್ರತಿ ಸಲ ಒಂದೇ ಕೈಗಾಡಿ, ಒಂದೇ ಸುತ್ತು.
ನನ್ನದು ಅನ್ನುವ ವಸ್ತುವೊಂದು
ಎತ್ತಲಾಗದ್ದು ಇದೇ ಮೊದಲು.
ಸುಮ್ಮನೆ ನಿಂತು ನೋಡಿದೆ. ಸಹಾಯ ಮಾಡಲಿಲ್ಲ.

ಕೊನೆಗೆ ಮೋರಿಯೇ ಒಂದು ಗೇಣು ಬಾಗಿತು.

ಹೋಗುವ ಮುಂಚೆ ಗಿಟೊಂಗಾ
ಬಾಡಿಗೆ ಪುಸ್ತಕ ಕಂಕುಳಿಗೆ ಸಿಕ್ಕಿಸಿ
ಮೇಲಿನ ಗಿಡಕ್ಕೆ ಕೈ ನೀಡಿದ.
"ಅಗಲದೆಲೆ ಕೀಳಪ್ಪಾ, ಸುಳಿ ಮುಟ್ಟಬೇಡ."
ಅಂದದ್ದು ನಾನೇ.
ದನಿ ಮಾತ್ರ ಕಗೇಹಾಳದು.